ಮಡಚಬಾರದಿದ್ದ ಆರು ರಟ್ಟುಗಳು

ಹರಪನಹಳ್ಳಿ
೧೭ ನವೆಂಬರ್ ೨೦೨೪, ಭಾನುವಾರ

ಮಗಳೇ ಸಮತಾ,

ಜೈಭೀಮ್. ನಾನು ಆರೋಗ್ಯವಾಗಿದ್ದೇನೆ, ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ನೀನೂ ಅಳಿಯ ಕ್ರಾಂತಿಕುಮಾರನೂ ಕಲಬುರಗಿಯಲ್ಲಿ ಚೆನ್ನಾಗಿರುವಿರಿ ಎಂದುಕೊಂಡಿದ್ದೇನೆ. ಹತ್ತು ದಿನದಿಂದ ನಿನ್ನ ಫೋನಿಗೆ ಸಿಗದೆ ತಪ್ಪಿಸಿಕೊಂಡು ತಿರುಗಿದ್ದೇನೆ. ನಿನಗೆ ಗಾಬರಿಯಾಗಿರುತ್ತದೆ. ಅದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಉಳಿದದ್ದಕ್ಕೆ ಕ್ಷಮೆ ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಈ ಕಾಲದಲ್ಲಿ ಅಪ್ಪ ಯಾಕೆ ಕಾಗದ ಬರೆದ ಅನ್ನುತ್ತೀ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನನ್ನ ಬಾಯಿ ತಾನಾಗಿಯೇ ಸುಳ್ಳಿನ ದಾರಿ ಹಿಡಿಯುತ್ತದೆ. ಇದು ಮೂವತ್ತನಾಲ್ಕು ವರ್ಷ ತಾಲ್ಲೂಕು ಕಚೇರಿಗಳಲ್ಲಿ ಟಿಪ್ಪಣಿ ಬರೆದ ಕೈ. ಕಾಗದದ ಮೇಲೆ ಸುಳ್ಳು ಬರೆಯಲು ಇದಕ್ಕೆ ಸ್ವಲ್ಪ ಭಯ.

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನಿನ್ನಜ್ಜನ ರಟ್ಟಿನ ಪೋಸ್ಟರುಗಳನ್ನು ಪಾರ್ಸಲ್ ಆಫೀಸಿನವರು ಮುರಿಯಲಿಲ್ಲ. ನಾನು ಮುರಿದೆ.

ದಸರಾ ಕಳೆದ ವಾರ ಕೊಟ್ಟೂರಿಗೆ ಹೋಗಿ ನಿನ್ನ ಮಂಜಮ್ಮತ್ತೆಯ ಮನೆಯಿಂದ ನಿನ್ನ ಪ್ರದರ್ಶನಕ್ಕೆಂದು ಅವನ್ನು ತಂದೆನಲ್ಲ, ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ನಿನ್ನತ್ತೆ ಮಂಚದ ಕೆಳಗೆ ಎರಡು ಹಲಗೆಗಳ ನಡುವೆ ಇಟ್ಟಿದ್ದಳು, ಒಂದೊಂದರ ಮೇಲೂ ಹಳೇ ಸೀರೆಯ ಮಡಿಕೆ, ಬೇವಿನ ಎಲೆ. ನಲವತ್ತೊಂದು ವರ್ಷದ ರಟ್ಟುಗಳು, ಒಂದಕ್ಕೂ ಹುಳ ಬಿದ್ದಿರಲಿಲ್ಲ. ಎರಡೂವರೆ ಅಡಿ ಅಗಲ, ಮೂರೂವರೆ ಅಡಿ ಎತ್ತರ. ನನ್ನಪ್ಪ ಹಗಲೆಲ್ಲ ಪ್ರೆಸ್ಸಿನಲ್ಲಿ ನಾಟಕ ಕಂಪನಿಗಳ ಪೋಸ್ಟರು ಅಚ್ಚು ಹಾಕುತ್ತಿದ್ದ. ಸಂಜೆ ಮನೆಯಲ್ಲಿ ಅಚ್ಚಿನ ಹಲಗೆ ಕೆತ್ತಿ, ಮಾಲೀಕರನ್ನು ಕೇಳಿ ಉಳಿದ ರಟ್ಟು ತಂದು, ಕೇರಿಯ ನೀರಿನ ಮೆರವಣಿಗೆಗಾಗಿ ಇವನ್ನು ಮಾಡಿದ. ಆ ಮೆರವಣಿಗೆ ಕೂಡ್ಲಿಗಿಯವರೆಗೆ ನಡೆದೇ ಹೋಯಿತು. ನಾನೂ ಇದ್ದೆ, ಹತ್ತೊಂಬತ್ತು ವರ್ಷದವನು. ಬಡಿಗೆಗೆ ಕಟ್ಟಿದ ಪೋಸ್ಟರು ಗಾಳಿಗೆ ಎಳೆದಾಡಿ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಅವುಗಳಲ್ಲಿ ಒಂದರ ಮೇಲೆ ನಿನ್ನಜ್ಜಿಯ ಮುಖ ಇತ್ತು. ಸೊಂಟದ ಮೇಲೆ ಬರಿಗೊಡ, ನೇರ ನೋಟ, ಕೆಳಗೆ ಕೆಂಪಕ್ಷರದಲ್ಲಿ "ಈ ಕೊಡ ತುಂಬುವುದು ಯಾವಾಗ?" ಪಕ್ಕೀರಮ್ಮ ಎಂಬ ಹೆಸರು ಎಲ್ಲೂ ಇಲ್ಲ. ಆದರೆ ಕೊಟ್ಟೂರಿನ ನಮ್ಮ ಓಣಿಯಲ್ಲಿ ಅದು ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ.

"ಯಣ್ಣಾ, ಮಡಚಬ್ಯಾಡ. ಸುತ್ತಲೂಬ್ಯಾಡ. ಅವ್ವನ ಮುಖ ಐತಿ ಅದ್ರಾಗ," ಎಂದು ನಿನ್ನತ್ತೆ ಬಸ್ಸು ಹತ್ತುವವರೆಗೂ ಹೇಳಿದಳು. ನೀನೂ ವಾಟ್ಸಾಪಿನಲ್ಲಿ ಅದನ್ನೇ ಬರೆದಿದ್ದೆ. ಹಳೇ ರಟ್ಟು ಸುತ್ತಿದರೆ ಬಿರಿಯುತ್ತದೆ, ಮಟ್ಟಸವಾಗಿಯೇ ಬರಬೇಕು. ಒಂದೊಂದರ ನಡುವೆ ಬಟರ್ ಪೇಪರ್. ಮೇಲೆ ಕೆಳಗೆ ಪೋಸ್ಟರಿಗಿಂತ ಎರಡೆರಡು ಇಂಚು ದೊಡ್ಡದಾದ ಗಟ್ಟಿ ಹಲಗೆ. ಮೂಲೆಗಳಿಗೆ ಕಾಗದದ ಜೇಬು. ಟೇಪು ಪೋಸ್ಟರಿಗೆ ತಾಗಕೂಡದು. ಆಮೇಲೆ ಪ್ಲಾಸ್ಟಿಕ್, ಆಮೇಲೆ ಡಬ್ಬಿ, ಒಳಗೆ ಜರುಗದಂತೆ ಸಂದಿಯಲ್ಲಿ ಕಾಗದ ತುಂಬಬೇಕು. ಇವತ್ತಿಗೂ ಬಾಯಿಪಾಠ ಹೇಳಬಲ್ಲೆ.

ಈಗ ನಿನಗೆ ಗೊತ್ತಿಲ್ಲದ ಒಂದು ಸಂಗತಿ. ಏಳು ವರ್ಷದ ಹಿಂದೆ ನಾನು ಹರಪನಹಳ್ಳಿಗೆ ವರ್ಗವಾಗಿ ಬಂದೆ. ನಿನ್ನ ತಾಯಿ ತೀರಿಕೊಂಡು ವರ್ಷವಾಗಿತ್ತು, ನೀನು ಧಾರವಾಡದಲ್ಲಿ ಓದುತ್ತಿದ್ದೆ. ಮೂರು ಬಾಡಿಗೆ ಮನೆ ಕೈತಪ್ಪಿದವು. ಬೋರ್ಡು ತೂಗುತ್ತಲೇ ಇತ್ತು, ನಾನು ಯಾರೆಂದು ಕೇಳಿದ ಮೇಲೆ "ಮೊನ್ನೆನ ಕೊಟ್ಟುಬಿಟ್ವಿರಿ" ಅನ್ನುತ್ತಿದ್ದರು. ನಾಲ್ಕನೆಯದು ಈ ಮನೆ. ಬಂಗಾರಪ್ಪನವರು ಕೆಳಗಿನ ಬೀಜ ಗೊಬ್ಬರದ ಅಂಗಡಿಯಲ್ಲಿ ಕೂತು ಕೇಳಿದರು, "ನಿಮ್ದು ಯಾವ ಪೈಕಿ ಆತ್ರಿ ಸರ?" ಅವತ್ತು ನಾನು ಹಣೆಗೆ ವಿಭೂತಿ ಹಚ್ಚಿಕೊಂಡೇ ಹೋಗಿದ್ದೆ. "ನಾವು ಕೊಟ್ಟೂರು ಸ್ವಾಮಿಗೆ ನಡಕೊಳ್ಳೋರು," ಎಂದೆ. ಸ್ವಾಮಿಗೆ ಎಲ್ಲರೂ ನಡೆದುಕೊಳ್ಳುತ್ತಾರೆ, ಅದು ಸುಳ್ಳೇನಲ್ಲ. ಆದರೆ ಅವರು ಏನು ತಿಳಿದುಕೊಳ್ಳಲಿ ಎಂದು ಹೇಳಿದೆನೋ ಅದನ್ನೇ ತಿಳಿದುಕೊಂಡರು. ಕೀಲಿ ಕೊಟ್ಟರು.

ಹಾಲಿನಲ್ಲಿ ಜಾಗವಿಲ್ಲ ಎಂದು ಬಾಬಾಸಾಹೇಬರ ಫೋಟೋ ಮಲಗುವ ಕೋಣೆಯಲ್ಲಿ ಹಾಕಿದ್ದೇನೆ ಅಂತ ನಿನಗೆ ಹೇಳಿದ್ದೆನಲ್ಲ. ಹಾಲಿನಲ್ಲಿ ಜಾಗ ಇತ್ತು.

ಕಂಡ ಮಾತು ಹೇಳಬೇಕು, ಅವರು ಒಳ್ಳೆಯವರು. ಮೂಲತಃ ಕುರಿ ಸಾಕಿದವರು, ನೇರ ಮಾತು. ನಾನು ಜ್ವರ ಬಂದು ಮಲಗಿದಾಗ ಬಂಗಾರಪ್ಪನವರೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವರ ಹೆಂಡತಿ ಓಬಮ್ಮನವರು ಮನೆಯಲ್ಲಿ ಏನೇ ವಿಶೇಷ ಮಾಡಿದರೂ ಮೇಲೆ ತಂದುಕೊಡುತ್ತಾರೆ. ನಾನು ಪೋಸ್ಟರು ಕಟ್ಟಿಕೊಂಡು ಬಂದ ದಿನವೇ ಬಂಗಾರಪ್ಪನವರು, "ಏನ್ರಿ ಅದು, ಕನ್ನಡೀನಾ?" ಎಂದರು. ಹಳೇ ಕ್ಯಾಲೆಂಡರು, ಮಗಳ ಕಾಲೇಜಿಗೆ ಕಳಿಸಬೇಕು ಎಂದೆ. "ಹಂಗಾರ ಫ್ರಿಜ್ಜಿನ ಡಬ್ಬಿ ಐತಿ ತಗೊಳ್ರಿ. ನಾನೂ ಬರ್ತೀನಿ, ಇಬ್ರೂ ಕೂಡಿ ಕಟ್ಟೋಣು," ಎಂದರು. ಡಬ್ಬಿ ತೆಗೆದುಕೊಂಡೆ, ಅವರನ್ನು ಬೇಡವೆಂದೆ.

ಮರುದಿನ ಸೋಮವಾರ ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿ ತುಂಬಿದ ಹೊತ್ತು ನೋಡಿ, ಬಾಗಿಲು ಮುಂದೆ ಮಾಡಿ, ಹಾಲಿನ ನೆಲಕ್ಕೆ ಬೆಡ್‌ಶೀಟ್ ಹಾಸಿ ಆರೂ ರಟ್ಟುಗಳನ್ನು ಹರಡಿಕೊಂಡೆ. ಎಷ್ಟೋ ವರ್ಷಕ್ಕೆ ಅವನ್ನು ಹಗಲು ಬೆಳಕಿನಲ್ಲಿ ನೋಡಿದ್ದು. ಅಪ್ಪನ ಉಳಿಯ ಗೀರುಗಳೆಲ್ಲ ಕಾಣುತ್ತಿದ್ದವು. ಒಂದರ ಅಂಚಿನಲ್ಲಿ ಅವನ ಹೆಬ್ಬೆರಳಿನ ಮಸಿ. ನಾನು ಅಳತೆ ತೆಗೆಯುವುದು ಬಿಟ್ಟು ಸುಮ್ಮನೆ ಕೂತಿದ್ದೆ.

ಮೆಟ್ಟಿಲ ಮೇಲೆ ಓಬಮ್ಮನವರ ಕಾಲುಂಗುರದ ಸದ್ದು ಬಂತು. ಅವರು ಬಾಗಿಲು ಬಡಿಯುವವರಲ್ಲ, "ಸರ" ಅನ್ನುತ್ತಲೇ ನೂಕುತ್ತಾರೆ. ಚಿಲಕ ಹಾಕಿರಲಿಲ್ಲ. ಬೆಡ್‌ಶೀಟ್ ಮೇಲೆ ಎಳೆದಿದ್ದರೆ ಸಾಕಿತ್ತು, ಸಮತಾ. ಬಾಗಿಲಿಗೆ ಹೋಗಿ ನಿಂತಿದ್ದರೂ ಸಾಕಿತ್ತು. ನನಗೆ ಅದಾವುದೂ ಹೊಳೆಯಲಿಲ್ಲ. ಆರನ್ನೂ ಒಟ್ಟಿಗೆ ಬಾಚಿ, ಚಿತ್ರ ಒಳಗಾಗುವಂತೆ ಮೊಣಕಾಲಿನಿಂದ ಒತ್ತಿ ಮಡಚಿ, ಅಲ್ಲೇ ಇದ್ದ ಮಂಚದ ಕೆಳಗೆ ತಳ್ಳಿದೆ. ಹಪ್ಪಳ ಮುರಿದಂಥ ಸದ್ದು. ಹಪ್ಪಳಕ್ಕಿಂತ ದೊಡ್ಡದು.

"ಏನೋ ಬಿತ್ತಲ್ರಿ," ಎಂದರು ಓಬಮ್ಮ. ಏನಿಲ್ಲ ಎಂದೆ. ಒಗ್ಗರಣೆ ಮಂಡಕ್ಕಿ, ನಾಲ್ಕು ಮಿರ್ಚಿ ತಂದಿದ್ದರು. ಮೊಮ್ಮಗಳ ಜಾವಳದ ಸುದ್ದಿ ಹೇಳುತ್ತ ಅರ್ಧ ಗಂಟೆ ನಿಂತರು. ನಾನು ಮಂಚದ ಮುಂದೆ ಕಾಲು ಅಗಲಿಸಿ ನಿಂತು ಹೂಂ, ಹೂಂ ಅನ್ನುತ್ತಿದ್ದೆ. ಅವರು ಹೋದ ಮೇಲೆ ಚಿಲಕ ಹಾಕಿ ತೆಗೆದು ನೋಡಿದೆ. ಮೂರು ಎರಡೆರಡು ತುಂಡಾಗಿದ್ದವು. ಉಳಿದ ಮೂರು ಬಿರುಕು ಬಿಟ್ಟು ಹಿಂದಿನ ಪದರದಲ್ಲಿ ತೂಗುತ್ತಿದ್ದವು. ಅವ್ವನದು ಮೂಗಿನ ಮೇಲೆ ಅಡ್ಡಕ್ಕೆ ಒಡೆದಿತ್ತು. ಕಣ್ಣುಗಳು ಒಂದು ಹೋಳಿನಲ್ಲಿ, ಬಾಯಿ ಇನ್ನೊಂದರಲ್ಲಿ.

ಅವತ್ತೇ ನಿನಗೆ ಫೋನ್ ಮಾಡಿದ್ದರೆ ನನ್ನ ತಪ್ಪು ಅಷ್ಟಕ್ಕೇ ನಿಲ್ಲುತ್ತಿತ್ತು. ನಾನೇನು ಮಾಡಿದೆ ಗೊತ್ತೇ? ಮುರಿದ ಮೇಲೆ ನಿನ್ನ ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿದೆ. ಬಟರ್ ಪೇಪರ್, ಹಲಗೆ, ಮೂಲೆಯ ಜೇಬು, ಪ್ಲಾಸ್ಟಿಕ್, ಎಲ್ಲ. ನನ್ನ ಜೀವಮಾನದಲ್ಲಿ ಯಾವ ವಸ್ತುವನ್ನೂ ಅಷ್ಟು ಚೆಂದ ಕಟ್ಟಿಲ್ಲ. ಕೊನೆಗೆ, ಮುರಿತಕ್ಕೆ ಒಂದು ಕಾರಣ ಬೇಕಲ್ಲ ಎಂದು, ಡಬ್ಬಿಯ ನಟ್ಟನಡುವೆ ಮೊಣಕೈಯಿಂದ ಗುದ್ದಿ ತಗ್ಗು ಮಾಡಿದೆ.

ಬಸ್ ನಿಲ್ದಾಣದ ಎದುರಿನ ಪಾರ್ಸಲ್ ಆಫೀಸಿನಲ್ಲಿ ಬುಕಿಂಗಿಗೆ ಕೂರುವ ಹೆಣ್ಣುಮಗಳು ಭರಮಮ್ಮ. ನಲವತ್ತರ ಆಸುಪಾಸು, ಗಂಡ ಇಲ್ಲ. ಆಕೆ ಡಬ್ಬಿಯನ್ನು ಕೈಯಿಂದ ತಡವಿ, "ಇಲ್ಲಿ ತಗ್ಗು ಬಿದ್ದೈತಲ್ರಿ ಸರ. ಒಳಗ ಪೆಟ್ಟಾದೀತು, ತಡೀರಿ," ಎಂದು ತಾನೇ ಎದ್ದು, ಒಂದು ದಪ್ಪ ರಟ್ಟು ಕತ್ತರಿಸಿ ತಗ್ಗಿನ ಮೇಲೆ ಅಂಟಿಸಿದಳು. ಸ್ಕೆಚ್ ಪೆನ್ನಿನಲ್ಲಿ "ಮಡಚಬಾರದು" ಎಂದು ನಾಲ್ಕೂ ಕಡೆ ಬರೆದಳು. ನಾನು ನಿಂತು ನೋಡಿದೆ. "ನಮ್ಮವ್ವ, ಅಷ್ಟೆಲ್ಲ ಯಾಕ ತ್ರಾಸು" ಎಂದು ಉಪಚಾರದ ಮಾತೂ ಆಡಿದೆ.

ಮುಂದಿನದು ನಿನಗೆ ಗೊತ್ತು. ಡಬ್ಬಿ ಬಿಚ್ಚಿ ನೀನು ಅತ್ತುಬಿಟ್ಟೆ. "ಅಪ್ಪಾ, ನೀನು ಎಷ್ಟು ಚೆಂದ ಕಟ್ಟಿದ್ದೀ, ಇವರು ಬೀಳಿಸಿ ಮೇಲೆ ರಟ್ಟು ಅಂಟಿಸಿ ಮುಚ್ಚಿಬಿಟ್ಟಿದ್ದಾರೆ," ಎಂದೆ. ನನ್ನ ಮೇಲೆ ನಿನಗೆ ಒಂದು ಚೂರೂ ಅನುಮಾನ ಬರಲಿಲ್ಲ. ಫೋಟೋ ಸಮೇತ ದೂರು ಕೊಟ್ಟೆ. ನಾನು "ಹೌದವ್ವಾ, ಹಾಗೇ ಆಗಿರಬೇಕು" ಎಂದೆ.

ಹೋದ ಭಾನುವಾರ ಬೆಳಿಗ್ಗೆ ಭರಮಮ್ಮ ಮನೆ ಹುಡುಕಿಕೊಂಡು ಬಂದಳು. ಮೆಟ್ಟಿಲ ಮೇಲೇ ನಿಂತಳು, ಒಳಗೆ ಬಾ ಎಂದರೂ ಬರಲಿಲ್ಲ. "ಸರ, ವಿಚಾರಣೆ ಮುಗಿಯೋತನ ಬರಬ್ಯಾಡ ಅಂದಾರ್ರಿ. ನಾನು ಕೆಡವಿ ಮುಚ್ಚೀನಿ ಅಂತಾರ. ತಗ್ಗು ಮೊದ್ಲ ಇತ್ತು ಅಂತ ನೀವೊಂದು ಮಾತು ಹೇಳಿದ್ರ ಸಾಕ್ರಿ. ನೀವು ನೋಡೀರಲ್ಲ." ನಾನು "ನೋಡೋಣವ್ವಾ" ಎಂದೆ. ಕಚೇರಿಯಲ್ಲಿ ಎಷ್ಟು ಜನಕ್ಕೆ ಹೇಳಿದ ಮಾತು ಅದು! ಆಕೆ ಕೈಮುಗಿದು ಇಳಿದು ಹೋದಳು. ಕೆಳಗೆ ಬಂಗಾರಪ್ಪನವರು ಕೂರಿಸಿ ಚಹಾ ಕೊಟ್ಟದ್ದು, "ಚಿಂತಿ ಮಾಡಬ್ಯಾಡ ತಂಗಿ, ನಮ್ ಸರ ಸುಳ್ಳಿಗೆ ಹೋಗೋ ಮನಷ್ಯಾ ಅಲ್ಲ," ಎಂದದ್ದು ಮೇಲೆ ನನಗೆ ಕೇಳಿಸಿತು.

ಆ ಮಾತು ನಾಲ್ಕು ದಿನ ನನಗೆ ಅನ್ನ ಮುಟ್ಟಲು ಬಿಡಲಿಲ್ಲ. ಆದರೂ ನಾನಾಗಿ ಹೋಗಲಿಲ್ಲ ನೋಡು. ಗುರುವಾರ ಬಂಗಾರಪ್ಪನವರೇ ಬೈಕು ತೆಗೆದು ಕೂಗಿದರು, "ನಡೀರಿ ಸರ, ನಾನೂ ಬರ್ತೀನಿ. ಆ ಹೆಣ್ಮಗಳ ಕೆಲಸದ ಪ್ರಶ್ನಿ." ಇಲ್ಲ ಅನ್ನಲಾಗಲಿಲ್ಲ.

ಮ್ಯಾನೇಜರ್ ಹನುಮಣ್ಣ ನಮ್ಮನ್ನು ಕೂರಿಸಿದರು. ಭರಮಮ್ಮನನ್ನೂ ಕರೆಸಿದ್ದರು, ಗೋಡೆಗೆ ಒರಗಿ ನಿಂತಿದ್ದಳು. "ತಗ್ಗು ಮೊದಲೇ ಇತ್ತು," ಎಂದೆ. "ಇದ್ದಿರಬೌದ್ರಿ, ಆದ್ರ ಅಷ್ಟಕ್ಕ ಆರೂ ಮುರೀತಾವೇನ್ರಿ? ಬುಕ್ ಮಾಡಿದ ಮ್ಯಾಲೆ ಯಾರೋ ಎತ್ತಿ ಒಗದಾರ," ಎಂದರು ಅವರು. ಅಲ್ಲಿಗೆ ನಾನು ಅರ್ಧ ಸತ್ಯದಲ್ಲಿ ಪಾರಾಗುವ ದಾರಿ ಮುಚ್ಚಿತು. ಭರಮಮ್ಮ ನನ್ನನ್ನೇ ನೋಡುತ್ತಿದ್ದಳು.

"ಮೊದ್ಲ ಮುರಿದಿದ್ವು. ನಾನ ಮಡಚಿ ಮುರಿದೆ. ತಗ್ಗನ್ನೂ ನಾನ ಮಾಡಿದೆ," ಎಂದೆ.

ಹನುಮಣ್ಣ ಪೆನ್ನು ಕೆಳಗಿಟ್ಟರು. "ಯಾಕ್ರಿ? ನಿಮ್ಮ ಸಾಮಾನು ನೀವ ಯಾಕ ಮುರೀತೀರಿ?"

ಏನೇನೋ ಹೇಳಬಹುದಿತ್ತು. ವಯಸ್ಸಾಯಿತು, ಕೈ ತಪ್ಪಿತು ಅನ್ನಬಹುದಿತ್ತು. "ಇವರ ಮನೆಯವ್ರು ನೋಡಿಬಿಡ್ತಾರ ಅಂತ," ಎಂದು ಬಂಗಾರಪ್ಪನವರ ಕಡೆ ತೋರಿಸಿದೆ. "ಅದ್ರಾಗ ನಮ್ಮ ಕೇರಿ ಮೆರವಣಿಗಿ ಐತಿ. ನಾವು ಯಾರು ಅಂತ ಇವರಿಗೆ ನಾನು ಹೇಳಿಲ್ಲ."

ಹನುಮಣ್ಣ ಹೇಳಿಕೆ ಬರೆದುಕೊಡಿ ಎಂದು ಹಾಳೆ ಮುಂದಿಟ್ಟರು. ನಾಲ್ಕು ಸಾಲು ಬರೆಯಲು ಮೂರು ಹಾಳೆ ಕೆಡಿಸಿದೆ. ಹೊರಗೆ ಬಂದಾಗ ಭರಮಮ್ಮ ಬಾಗಿಲಲ್ಲಿ ಇದ್ದಳು. ಕೈಮುಗಿದೆ. "ಹೇಳಿದ್ದು ಚಲೋ ಆತ್ರಿ," ಎಂದಳು. "ನಾಕ ದಿನ ಯಾಕ ತಡದ್ರಿ ಸರ? ನಾನೂ ನಿಮ್ಮ ಪೈಕಿನ ಅದೀನಿ. ಆದ್ರ ಅದಕ್ಕ ಕೇಳಾಕ ಬಂದಿದ್ದಿಲ್ಲ," ಎಂದು ಒಳಗೆ ಹೋದಳು. ಶುಕ್ರವಾರದಿಂದ ಕೆಲಸಕ್ಕೆ ಕೂತಿದ್ದಾಳೆ. ನೀನು ಕೊಟ್ಟ ದೂರನ್ನು ಈ ಕಾಗದ ಕಂಡ ಕೂಡಲೇ ವಾಪಸ್ ತೆಗೆದುಕೋ. ಆಕೆಗೆ ನೀನೇ ಒಂದು ಮಾತು ಬರೆದರೆ ಒಳ್ಳೆಯದು, ನನ್ನ ಮಾತಿಗೆ ಅಲ್ಲಿ ಬೆಲೆ ಇಲ್ಲ.

ಬಂಗಾರಪ್ಪನವರ ಬೈಕಿನಲ್ಲೇ ವಾಪಸ್ ಬಂದೆವು. ಮನೆ ಮುಂದೆ ಇಳಿದು, ತಿಂಗಳೊಪ್ಪತ್ತಿನಲ್ಲಿ ಬೇರೆ ಮನೆ ನೋಡಿಕೊಳ್ಳುತ್ತೇನೆ ಎಂದೆ. "ಯಾಕ್ರಿ?" ಎಂದರು. ಅಷ್ಟರಲ್ಲಿ ಓಬಮ್ಮನವರೂ ಹೊರಗೆ ಬಂದರು. ಗಂಡನ ಮುಖ ನೋಡಿಯೇ ಆಕೆಗೆ ತಿಳಿಯಿತೆಂದು ಕಾಣುತ್ತದೆ. "ನೀವು ಬಂದ ವರ್ಷನ ನಮಗ ಗೊತ್ತಾಗಿತ್ರಿ ಸರ," ಎಂದರು. "ನೀವ ಹೇಳವಲ್ರಿ, ನಾವ್ಯಾಕ ಕೇಳ್ಬೇಕು ಅಂತ ಬಿಟ್ವಿ."

ಏಳು ವರ್ಷ ನಾನು ಹಚ್ಚಿದ ವಿಭೂತಿ, ಆಡಿದ ಆಟ, ಎಲ್ಲ ಇವರು ನೋಡಿಕೊಂಡೇ ಇದ್ದರು. ಮೇಲೆ ಬಂದು ಬಾಗಿಲು ಹಾಕಿದ ಮೇಲೆ ಇನ್ನೊಂದು ಹೊಳೆಯಿತು. ಮೊದಲ ವರ್ಷ ಓಬಮ್ಮನವರು ತರುತ್ತಿದ್ದದ್ದು ಸ್ಟೀಲಿನ ತಟ್ಟೆಯಲ್ಲಿ. ಆಮೇಲೆ ಯಾವತ್ತೋ ಅದು ಕಾಗದದ ತಟ್ಟೆಯಾಯಿತು. ತೊಳೆಯುವ ಕೆಲಸ ತಪ್ಪಲಿ ಎಂದಿರಬೇಕು ಅಂತ ನಾನು ಅಂದುಕೊಂಡಿದ್ದೆ. ಅವರ ಪ್ರೀತಿ ಸುಳ್ಳಲ್ಲ ಸಮತಾ, ಜ್ವರದಲ್ಲಿ ಆ ಮನುಷ್ಯ ನನ್ನನ್ನು ಎತ್ತಿಕೊಂಡು ಮೆಟ್ಟಿಲು ಇಳಿಸಿದ್ದಾರೆ. ಕಾಗದದ ತಟ್ಟೆಯೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳಬೇಕೋ ನನಗೆ ತಿಳಿಯದು. ನಿನಗೆ ತಿಳಿದರೆ ಹೇಳು. ಮನೆಯನ್ನಂತೂ ಬಿಡುತ್ತೇನೆ. ಅವರು ಬಿಡಿಸುತ್ತಿಲ್ಲ, ನಾನೇ ಬಿಡುತ್ತೇನೆ. ಕೊಟ್ಟೂರಿನಲ್ಲಿ ನಿನ್ನತ್ತೆಯ ಮನೆಯ ಪಕ್ಕ ಎರಡು ಕೋಣೆ ಖಾಲಿ ಇವೆಯಂತೆ. ಅವಳಿಗೂ ಎಲ್ಲ ಹೇಳಿದ್ದೇನೆ. ಬೈಯಲಿಲ್ಲ. "ಅವ್ವಂದು ಎಲ್ಲಿ ಮುರದೈತಿ?" ಎಂದಷ್ಟೇ ಕೇಳಿ ಫೋನ್ ಇಟ್ಟಳು.

ಡಿಸೆಂಬರ್ ಆರರ ನಿನ್ನ ಪ್ರದರ್ಶನದಲ್ಲಿ ಅವನ್ನು ಇಡುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು. ಹಳೇ ಕಾಗದ ಜೋಡಿಸುವವರು ಮೈಸೂರಿನ ಕಡೆ ಇದ್ದಾರೆಂದು ನೀನೇ ಹೇಳಿದ್ದೆ. ಇಡುವುದಾದರೆ ಕೆಳಗೆ "ಸಾಗಣೆಯಲ್ಲಿ ಹಾನಿಯಾಗಿದೆ" ಎಂದು ಮಾತ್ರ ಬರೆಸಬೇಡ. ಬರೆಯಲೇಬೇಕಿದ್ದರೆ "ಮಗ ಮಡಚಿದ್ದು" ಎಂದು ಬರೆಸು. ನಾನು ಬಂದು ಅದರ ಪಕ್ಕ ನಿಲ್ಲುತ್ತೇನೆ, ನೀನು ಬಾ ಎಂದರೆ.

ನಿನ್ನಜ್ಜ ಇಟ್ಟ ಹೆಸರಿಗೆ ತಕ್ಕಂತೆ ನೀನು ಬೆಳೆದೆ, ಅದರಲ್ಲಿ ನನ್ನ ಪಾಲು ಕಡಿಮೆ. ನಿನ್ನ ತಲೆ ಎಲ್ಲೂ ಬಾಗದಿರಲಿ. ನಿನ್ನ ಮಕ್ಕಳಿಗೆ ನಿನ್ನ ಮುಂದೆ ಸುಳ್ಳು ಹೇಳುವ ಅಗತ್ಯ ಬೀಳದಿರಲಿ, ನಿನಗೂ ಅವರ ಮುಂದೆ. ಅಳಿಯನಿಗೆ ನನ್ನ ಪ್ರೀತಿ ತಿಳಿಸು.

ನಿನ್ನ ಅಪ್ಪ,
ನಾಗೇಂದ್ರಪ್ಪ

ಪುನಶ್ಚ: ಓಬಮ್ಮನವರ ಮಾತನ್ನು ಪೂರ್ತಿ ಬರೆಯಲಿಲ್ಲ. ಹೇಗೆ ಗೊತ್ತಾಯಿತು ಎಂದು ನಾನು ಕೇಳಿದೆ. "ಆ ವರ್ಷ ನಿಮ್ಮವ್ವ ಬಂದಿದ್ರಲ್ರಿ. ಮೂಗು ಥೇಟ್ ನಿಮ್ದ. ತಾಯೀನ ಯಾಕ ಮುಚ್ಚಿಟ್ರಿ ಅಂತ ಅವಾಗನ ತಿಳೀತು," ಎಂದರು.

ನಿನ್ನಜ್ಜಿ ಈ ಮನೆಗೆ ಒಂದೇ ಸಲ ಬಂದದ್ದು, ೨೦೧೭ರಲ್ಲಿ, ಹೇಳದೆ ಕೇಳದೆ, ಚೀಲದಲ್ಲಿ ರೊಟ್ಟಿ ಕಟ್ಟಿಕೊಂಡು. ಓಬಮ್ಮನವರು ಮೆಟ್ಟಿಲಲ್ಲಿ ಎದುರಾಗಿ ಇವರು ಯಾರು ಎಂದರು. "ಊರಿಂದ ಅಡಿಗಿ ಕೆಲಸಕ್ಕ ಕರಿಸೀನ್ರಿ," ಎಂದೆ. ಅವ್ವ ನನ್ನ ಹಿಂದೆಯೇ ಇದ್ದಳು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಮೇಲಿನಿಂದ ಕೆಳಗಿನವರೆಗೆ ಮೆಟ್ಟಿಲು ಗುಡಿಸುತ್ತಿದ್ದಳು. ನಾಲ್ಕು ದಿನ ಗುಡಿಸಿದಳು. ನಾಲ್ಕು ದಿನವೂ ನನ್ನನ್ನು ಸಾಹೇಬ್ರು ಅಂದಳು, ಬಾಗಿಲು ಹಾಕಿದ್ದಾಗಲೂ. ಐದನೆಯ ದಿನ ಬಸ್ ನಿಲ್ದಾಣದಲ್ಲಿ ನಾನು ಬಗ್ಗಿ ಅವಳ ಪಾದ ಮುಟ್ಟಲು ಹೋದೆ. ಕಾಲು ಹಿಂದೆ ಎಳೆದುಕೊಂಡಳು.

"ಏಳ್ರಿ ಸಾಹೇಬ್ರ, ಯಾರರ ನೋಡ್ಯಾರು," ಎಂದಳು.

ಅಲ್ಲಿ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ.